ಬಿರಿದ ಬೆಳ್ಳಿಗೆರೆ

ಹೊಳೆಯ ದಂಡೆಯ ಆಶ್ರಮದಲ್ಲಿ ಅಪ್ರಮೇಯ ಗುರುಗಳು ಬಿಸಿಲಿನಿಂದ ದೀಪ ಹೊತ್ತಿಸುವ ವಿದ್ಯೆ ಕಲಿಸುತ್ತಿದ್ದರು. ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳ್ಳಿ ಶಾಯಿಯಲ್ಲಿ ಸಣ್ಣ ಗೆರೆಗಳನ್ನು ಅಚ್ಚು ಹಾಕಬೇಕು. ಹಗಲಲ್ಲಿ ಹಾಳೆಯಲ್ಲಿ ಹುಟ್ಟಿದ ಕರೆಂಟು ಆ ಗೆರೆಗಳಲ್ಲೇ ಹರಿದು ಬ್ಯಾಟರಿ ಸೇರಿ, ಸಂಜೆ ದೀಪ ಉರಿಸುತ್ತಿತ್ತು.

ಶಿಷ್ಯ ಭುವನೇಂದ್ರನ ಹಾಳೆಗಳು ಕೊಡುವಷ್ಟು ಕರೆಂಟನ್ನು ಬೇರೆ ಯಾರ ಹಾಳೆಯೂ ಕೊಡುತ್ತಿರಲಿಲ್ಲ. ಆ ಹೆಮ್ಮೆ ಅವನ ನಡಿಗೆಯಲ್ಲೇ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಹರಿಗೋಲು ನಡೆಸುವ ಹುಲಿಗೆವ್ವ ಬಂದವಳೇ, ಅವನು ಕೊಟ್ಟಿದ್ದ ಹಾಳೆಯನ್ನು ಅವನ ಮುಖಕ್ಕೆ ಎಸೆದಳು. ಮುರಿದ ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು.

“ನಿನ್ನೆ ಮುಸ್ಸಂಜಿಗೆ ನಡುಹೊಳ್ಯಾಗ ದೀಪ ಆರಿತು. ಕಲ್ಲು ಕಾಣಲಿಲ್ಲ. ಏಳು ಮಂದಿ ನೀರಿಗೆ ಬಿದ್ರು. ಎಲ್ಲಾರೂ ಉಳದದ್ದ ದೊಡ್ಡದು!”

ಭುವನೇಂದ್ರನಿಗೂ ಸಿಟ್ಟು ನೆತ್ತಿಗೇರಿತು. “ಹಾಳೆಯನ್ನು ಎಲ್ಲಿ ಕಟ್ಟಿದ್ದೆ?”

“ಹರಿಗೋಲಿನ ಅಂಚಿಗೆ. ದಿನಾ ಸುತ್ತತಿದ್ದೆ, ದಿನಾ ಬಿಚ್ಚತಿದ್ದೆ.”

“ಹಾಗೆ ಬಗ್ಗಿಸಿದರೆ ಹಾಳಾಗದೆ ಇನ್ನೇನಾಗುತ್ತದೆ?”

“ಬಗ್ಗತೈತಿ ಅಂತ ಕೊಟ್ಟಾಂವ ನೀನ!”

ಗುರುಗಳು ಹಾಳೆಯನ್ನು ಎತ್ತಿಕೊಂಡು ಭೂತಗನ್ನಡಿಯಲ್ಲಿ ನೋಡಿದರು. ಬೆಳ್ಳಿಗೆರೆಗಳ ಉದ್ದಕ್ಕೂ ಬಿರುಕು.

“ಕೊಡುವ ಮೊದಲು ಬಗ್ಗಿಸಿ ನೋಡಿದ್ದೆಯಾ?”

ಭುವನೇಂದ್ರ ತಲೆ ತಗ್ಗಿಸಿದ. “ನೋಡಿದ್ದೆ. ನೂರು ಸಲ ಬಗ್ಗಿಸಿದ ಮೇಲೆ ಬಿರಿಯಿತು. ಗೆರೆ ತೆಳುವಾಗಿಸಿದರೆ ಬಿರಿಯುವುದಿಲ್ಲ, ಆದರೆ ಕರೆಂಟು ಕಡಿಮೆಯಾಗುತ್ತದೆ.”

“ನಿನ್ನ ಹೆಸರೂ ಕಡಿಮೆಯಾಗುತ್ತದೆ.”

ಗುರುಗಳು ಕಪಾಟು ತೆರೆದು ಅವನ ಹಾಳೆಗಳನ್ನೆಲ್ಲ ಅವನ ಮುಂದೆ ಸುರಿದರು.

“ಬಗ್ಗಿಸು. ಒಂದೊಂದನ್ನೂ.”

“ಗುರುಗಳೇ, ಮೂರು ವರ್ಷದ ಕೆಲಸ ಇದು!”

“ಬಗ್ಗಿಸು ಎಂದೆ.”

ಅವನು ಹಲ್ಲು ಕಚ್ಚಿಕೊಂಡು ಬಗ್ಗಿಸಿದ, ಬಿಡಿಸಿದ, ಮತ್ತೆ ಬಗ್ಗಿಸಿದ. ಹುಲಿಗೆವ್ವ ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು. ಮಧ್ಯಾಹ್ನದ ಹೊತ್ತಿಗೆ ಯಾವ ಹಾಳೆಯಿಂದಲೂ ದೀಪ ಹತ್ತುತ್ತಿರಲಿಲ್ಲ. ಅವನ ಬೆರಳುಗಳು ಊದಿಕೊಂಡಿದ್ದವು. ಸಿಟ್ಟು ಮಾತ್ರ ಇಳಿದಿರಲಿಲ್ಲ, ಆದರೆ ಅದು ಈಗ ತನ್ನ ಮೇಲೆಯೇ ಎಂದು ಅವನಿಗೆ ತಿಳಿದಿತ್ತು.

“ಈಗ ಏನು ಮಾಡಲಿ?” ಎಂದ.

ಗುರುಗಳು ಮೂಲೆಯಲ್ಲಿದ್ದ ಹುಟ್ಟನ್ನು ತಂದು ಅವನ ಕೈಗಿಟ್ಟರು. “ಅವಳ ಮೂಳೆ ಕೂಡುವವರೆಗೆ ಹರಿಗೋಲು ನೀನು ನಡೆಸು. ದಂಡೆಯಲ್ಲಿ ಜನ ಕಾಯುತ್ತಿದ್ದಾರೆ.”

“ನನಗೆ ಹುಟ್ಟು ಹಾಕಲು ಬರುವುದಿಲ್ಲ, ಗುರುಗಳೇ.”

“ಗೊತ್ತು. ಹತ್ತುವವರಿಗೆ ಅದನ್ನು ಮೊದಲೇ ಹೇಳು.”