ಐದು ಸಲ ಮರಳಿದ ತಿದ್ದುಪಡಿ

“ಗುರುಗಳೇ, ಇನ್ನೊಬ್ಬರು ಬರೆದದ್ದನ್ನು ಪರಿಶೀಲಿಸುವಾಗ ಎಲ್ಲಿಯವರೆಗೆ ತಪ್ಪು ಹುಡುಕಬೇಕು?” ಎಂದು ಶಿಷ್ಯೆ ಕೇಳಿದಳು. ಗುರುಗಳು ಈ ಕತೆ ಹೇಳಿದರು.

ಒಬ್ಬ ಪರಿಶೀಲಕನಿದ್ದ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಕರ್ನೆಲ್‌ನಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ದಾಖಲಿಸುವ ಭಾಗವೊಂದಿದೆ. ಅದಕ್ಕೆ ಯಾರೇ ತಿದ್ದುಪಡಿ ಕಳಿಸಿದರೂ ಅವನು ಓದಿ ಒಪ್ಪಬೇಕಿತ್ತು. ಹನ್ನೆರಡು ವರ್ಷದಲ್ಲಿ ಅವನು ಒಪ್ಪಿದ್ದರಲ್ಲಿ ಯಾರಿಗೂ ಒಂದು ತಪ್ಪು ಸಿಕ್ಕಿರಲಿಲ್ಲ. ಅದು ಅವನ ಹೆಮ್ಮೆ.

ಒಂದು ದಿನ ದೂರದ ಊರಿನ ಮಹಿಳೆಯೊಬ್ಬಳು ಮೂರು ಸಾಲಿನ ತಿದ್ದುಪಡಿ ಕಳಿಸಿದಳು. ಅವಳು ನದಿಯ ನೆರೆಯ ಎಚ್ಚರಿಕೆ ಕೊಡುವ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಪರಿಶೀಲಕ ಬರುವ ಮೊದಲಿನಿಂದಲೂ ಉಳಿದಿದ್ದ ದೋಷವೊಂದನ್ನು ಅದು ಸರಿಪಡಿಸುತ್ತಿತ್ತು: ಮುಗಿದುಹೋದ ಕೆಲಸದ ಹೊತ್ತನ್ನೂ ಆ ಭಾಗ ಬರೆಯಲು ಹೋಗುತ್ತಿತ್ತು. ಬರೆಯುವ ಜಾಗ ಅಷ್ಟರಲ್ಲಿ ಬೇರೆ ಕೆಲಸದ ಪಾಲಾಗಿರುತ್ತಿತ್ತು. ಆಗ ಇಡೀ ಯಂತ್ರ ನಿಂತುಬಿಡುತ್ತಿತ್ತು.

ಅವಳು ಬರೆದದ್ದು ಸರಿ ಎಂದು ಪರಿಶೀಲಕನಿಗೆ ಮೊದಲ ಓದಿಗೇ ಗೊತ್ತಾಯಿತು. ಆದರೆ ಒಂದು ಹೆಸರು ಅಸ್ಪಷ್ಟವಾಗಿತ್ತು. ಮರಳಿಸಿದ. ಅವಳು ಬದಲಿಸಿದಳು. ವಿವರಣೆ ಸಾಲದು ಎಂದ. ಬರೆದಳು. ಸರಿಯಾಗಿ ನಡೆಯುತ್ತದೆಂದು ತೋರಿಸುವ ಪರೀಕ್ಷೆ ಸೇರಿಸಿ ಎಂದ. ಸೇರಿಸಿದಳು. ನಾಲ್ಕನೆಯ ಸಲವೂ ಏನೋ ಒಂದು ಉಳಿದಿತ್ತು.

ಐದನೆಯ ಸಲ ಅವಳು ಬರೆದಳು: “ಸರ್, ನಿನ್ನೆಯೂ ಯಂತ್ರ ನಿಂತಿತು. ನೀವು ಒಪ್ಪದೆ ಇದನ್ನು ಹಾಕಿಕೊಳ್ಳಲು ನಮ್ಮ ಕಚೇರಿ ಬಿಡುವುದಿಲ್ಲ. ಮಳೆ ಹಿಡಿದಿದೆ. ಮಿಕ್ಕದ್ದನ್ನು ಆಮೇಲೆ ತಿದ್ದಿಕೊಡುತ್ತೇನೆ.”

“ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಎರಡನೆಯ ಸಾಲಿನ ಟಿಪ್ಪಣಿ ಇನ್ನೂ ಸರಿಯಿಲ್ಲ,” ಎಂದು ಅವನು ಉತ್ತರಿಸಿದ.

ಅವಳಿಂದ ಮತ್ತೆ ಪತ್ರ ಬರಲಿಲ್ಲ. ಮೂರು ವಾರದ ಬಳಿಕ ಅವನು ಪತ್ರಿಕೆಯಲ್ಲಿ ಸುದ್ದಿ ಓದಿದ. ಅವಳ ಊರಿನ ನದಿ ಉಕ್ಕಿತ್ತು. ಕಂಪ್ಯೂಟರ್ ನಿಂತುಹೋಗಿ ಎಚ್ಚರಿಕೆ ಎರಡು ಗಂಟೆ ತಡವಾಗಿತ್ತು. ದಂಡೆಯ ಮನೆಗಳಲ್ಲಿ ಒಂಬತ್ತು ಮಂದಿ ಸತ್ತಿದ್ದರು.

ಅವನು ಅವಳ ಮೊದಲ ಪತ್ರ ತೆರೆದ. ಆ ಮೂರು ಸಾಲುಗಳನ್ನು ಇದ್ದ ಹಾಗೆಯೇ ಕರ್ನೆಲ್‌ಗೆ ಸೇರಿಸಿದ. ಅವಳಿಗೆ ತಿಳಿಸಲು ಕುಳಿತವನು ಬರೆದದ್ದನ್ನೆಲ್ಲ ಅಳಿಸಿ, ಕೊನೆಗೆ ‘ಒಪ್ಪಿದ್ದೇನೆ’ ಎಂದಷ್ಟೇ ಕಳಿಸಿದ. ಮರುದಿನ ಉತ್ತರ ಬಂತು: “ಎಚ್ಚರಿಕೆ ತಡವಾಯಿತೆಂದು ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಈಗ ಅಲ್ಲಿರುವವರಿಗೆ ತಿಳಿಸಿ.”

ಆಮೇಲೆ ಅವನಿಗೆ ಯಾರು ಕಳಿಸಿದ್ದನ್ನೂ ಓದಲಾಗಲಿಲ್ಲ. ಅಕ್ಷರ ಕಾಣುತ್ತಿತ್ತು. ಸರಿಯೋ ತಪ್ಪೋ ತಿಳಿಯುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆ ಕೇಳಿದಳು: “ಹಾಗಾದರೆ ಅವನು ತೋರಿಸಿದ್ದು ಯಾವುದೂ ತಪ್ಪಾಗಿರಲಿಲ್ಲವೇ?”

“ಎಲ್ಲವೂ ತಪ್ಪುಗಳೇ ಆಗಿದ್ದವು,” ಎಂದರು ಗುರುಗಳು.