ಫಕೀರವ್ವನ ಮೂರು ಪೆಟ್ಟು

ಊಟದ ಗಂಟೆ ಹೊಡೆಯಲು ಕಟ್ಟೆ ಹತ್ತಿದ ಶಾಲೆಯ ಆಯಾ ಫಕೀರವ್ವನನ್ನು ಕಂಡು, ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಗುಡುಗಿದರು: “ಎಕ್ಸೆಲ್ ಅನ್ನೋ ಇಂಗ್ಲಿಷ್ ಮಾತು ಗೊತ್ತೇನೇ ನಿನಗೆ? ಎಲ್ಲರನ್ನೂ ಮೀರಿಸೋದು! ಲ್ಯಾಟಿನ್ ಮೂಲದಲ್ಲಿ ಮೇಲೇರೋದು! ನಾನಿರುವಾಗ ಯಾರಾದರೂ ನನಗಿಂತ ಮೇಲೆ ನಿಂತರೆ ಕೆಲಸ ಹೋಯಿತು!”

ಫಕೀರವ್ವ ತೆಪ್ಪಗೆ ಇಳಿದಳು. ಊಟದ ಹೊತ್ತು ಮೀರಿತು. ಸಾಹೇಬರ ಹೊಟ್ಟೆಯೇ ಮೊದಲು ಚುರುಗುಟ್ಟಿತು.

“ಗಂಟೆ ಯಾಕೆ ಹೊಡೆದಿಲ್ಲ?”

“ಕಟ್ಟೆ ಹತ್ತಿದ್ರ ನಿಮಗಿಂತ ಮ್ಯಾಲ ಆಗ್ತೀನ್ರೀ. ನೀವ ಹೊಡೀರಿ.”

ಸಾಹೇಬರು ಹತ್ತಿ, ಬೆವರಿಳಿಯುವಂತೆ ಬಾರಿಸಿದರು. ಒಂದು ಮಗುವೂ ಏಳಲಿಲ್ಲ. ಆ ಮಕ್ಕಳಿಗೆ ಊಟದ ಗಂಟೆಯೆಂದರೆ ಫಕೀರವ್ವನ ಪೆಟ್ಟು: ಎರಡು ಜೋರು, ಒಂದು ಮೆಲ್ಲಗೆ.

“ನೀನೇ ಹೊಡಿಯಮ್ಮ,” ಎನ್ನುತ್ತ ಸಾಹೇಬರು ಇಳಿದರು.

ಅವಳು ಸೆರಗು ಬಿಗಿದು ಹತ್ತಿದಳು. ಮೂರೇ ಪೆಟ್ಟು. ಇಡೀ ಶಾಲೆ ತಟ್ಟೆ ಹಿಡಿದು ಹೋ ಎಂದು ಹೊರಬಿತ್ತು.

ಮೇಲಿಂದ ಫಕೀರವ್ವ ಕೇಳಿದಳು: “ನಿಮ್ಮ ಎಕ್ಸೆಲ್ ಅಂದ್ರ ಇದ ಏನ್ರೀ, ಸಾಹೇಬ್ರ?”