ತಿಪ್ಪೇಶ ಆನೆ ನಿಲ್ಲಿಸಿದ್ದು

ಕೇಳಿ, ನಗುವವರು ನಕ್ಕುಬಿಡಿ. ಸಾಕವ್ವನಿಗೆ ಮಾತ್ರ ನಗು ಬರಲಿಲ್ಲ. ಅವಳ ಮಗ ತಿಪ್ಪೇಶ ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ಅವಳ ಕಷ್ಟ. ತಮ್ಮ ರುದ್ರಪ್ಪ ಖಡಾಖಂಡಿತ ಹೇಳಿದ್ದ: "ಅಕ್ಕಾ, ಇವನು ಒಂದು ವಾರ ಒಂದು ಕೆಲಸದಲ್ಲಿ ನಿಲ್ಲಲಿ. ನನ್ನ ಮಗಳನ್ನ ಕೊಡ್ತೀನಿ."

ಸಿನಿಮಾಕ್ಕೆ ಗ್ರಾಫಿಕ್ಸ್ ಮಾಡುವ ದಸ್ತಗಿರಿ ಸಾಬರು ಸಾಕವ್ವನ ಮದುವೆಯ ಫೋಟೋ ಕೇಳಿಕೊಂಡು ಬಂದರು. ಫೋಟೋದಲ್ಲಿ ಇದೇ ಮಾಳಿಗೆ ಮನೆ, ಮುಂದೆ ಅವಳು, ಪಕ್ಕದಲ್ಲಿ ತೀರಿಹೋದ ಗಂಡ. ಆ ಅಂಗಳದಲ್ಲಿ ಕಂಪ್ಯೂಟರಿನ ಆನೆ ನಿಲ್ಲಿಸಬೇಕಂತೆ.

"ಫೋಟೋ ಬೇಕಾದರೆ ಮಗನನ್ನೂ ಕೆಲಸಕ್ಕೆ ಇಟ್ಕೊಳ್ಳಿ!" ಅಂದಳು. ಇಟ್ಟುಕೊಂಡರು.

ಮೊದಲ ದಿನ ಸಾಬರು ಹೇಳಿದರು: "ಫೋಟೋ ತೆಗೆದವನು ಎಲ್ಲಿ ನಿಂತಿದ್ದನೋ ನಮ್ಮ ಕ್ಯಾಮೆರಾನೂ ಅಲ್ಲೇ ನಿಲ್ಲಬೇಕು. ಇಲ್ಲದಿದ್ದರೆ ಆನೆ ಗಾಳೀಲಿ ತೇಲುತ್ತೆ."

ಮಧ್ಯಾಹ್ನ ಸಾಕವ್ವ ಬಾಗಿಲು ತೆಗೆದರೆ, ರಸ್ತೆ ನಡುವೆ ಸ್ಟೂಲು, ಸ್ಟೂಲಿನ ಮೇಲೆ ಕಂಪ್ಯೂಟರು, ಅದರ ಹಿಂದೆ ತಿಪ್ಪೇಶ. ಅವನ ಹಿಂದೆ ದಾವಣಗೆರೆ ಬಸ್ಸು!

ಸಾಬರು ಓಡಿಬಂದರು. "ಪೆದ್ದೇ! ಕ್ಯಾಮೆರಾ ಕಂಪ್ಯೂಟರಿನ ಒಳಗಿದೆ! ಕುರ್ಚಿ ಬಿಟ್ಟು ಏಳಬೇಡ. ಫೋಟೋದಲ್ಲಿ ಗೋಡೆ ಅಂಚು, ಮಾಳಿಗೆ ಅಂಚು ನೋಡು. ಅದರ ಮೇಲೆ ಗೆರೆ ಎಳಿ. ಎರಡೂ ಗೆರೆ ಕೂಡೋವರೆಗೂ ಬಿಡಬೇಡ. ಕ್ಯಾಮೆರಾ ಎತ್ತ ನೋಡ್ತಿತ್ತು ಅಂತ ಆಗ ತಿಳಿಯುತ್ತೆ."

ಮಾರನೇ ದಿನ ಸಾಕವ್ವ ಸಾಬರ ಆಫೀಸಿಗೆ ಬುತ್ತಿ ತಂದಳು. ಕಪ್ಪು ಮಸಿಯ ಗೆರೆ ಪರದೆ ದಾಟಿ, ಮೇಜು ದಾಟಿ, ಕೆಲಸ ನೋಡಲು ಬಂದಿದ್ದ ಸಿನಿಮಾ ನಿರ್ಮಾಪಕರ ಬಿಳಿ ಅಂಗಿ ಏರಿತ್ತು. ತಿಪ್ಪೇಶ ಕುರ್ಚಿ ಸಮೇತ ತೆವಳುತ್ತಿದ್ದ.

"ಇನ್ನೂ ಕೂಡಿಲ್ಲ ಸಾಬ್ರೆ! ಇವರು ದಾರಿಗಡ್ಡ ಕೂತಿದ್ದರು!"

"ಅಯ್ಯೋ ಮಾರಾಯ, ಗೆರೆ ನಾನೇ ಎಳ್ಕೋತೀನಿ! ನೀನು ಅಳತೆ ತಾ. ಫೋಟೋದಲ್ಲಿರೋ ಒಬ್ಬರ ಎತ್ತರ ಗೊತ್ತಾದರೆ ಮನೆ ಎಷ್ಟು, ಆನೆ ಎಷ್ಟು, ಎಲ್ಲ ಗೊತ್ತಾಗುತ್ತೆ. ನಿಮ್ಮವ್ವನನ್ನ ಅಳೆದ್ಕೊಂಡು ಬಾ."

ಅಳೆದುಕೊಂಡು ಹೋದ. ಪರದೆಯ ಮೇಲೆ ಆನೆ ಬಂತು. ಒಂದೇ ಕಾಲು ಬಾಗಿಲು ಮುಚ್ಚಿತು, ಬೆನ್ನು ಮಾಳಿಗೆ ಮೀರಿತು! ನಿರ್ಮಾಪಕರು ಎದೆ ಹಿಡಿದುಕೊಂಡರು.

"ಎರಡೂವರೆ ಅಡಿ ಅಂತ ಬರೆದಿದ್ದೀಯಲ್ಲೋ! ಎಲ್ಲಿ ಅಳೆದೆ?"

"ಒಲೆ ಮುಂದೆ ಸಾಬ್ರೆ. ಅವ್ವ ಕೂತು ರೊಟ್ಟಿ ತಟ್ಟುತ್ತಿದ್ದಳು."

ಸಾಬರು ಬೈಯಲಿಲ್ಲ, ಕೈ ಮುಗಿದರು. "ಕೊನೇ ಸಲ ಹೇಳ್ತೀನಪ್ಪಾ. ಫೋಟೋದಲ್ಲಿ ಹೇಗಿದೆಯೋ ಹಾಗೇ ಇರಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ. ಆಮೇಲೆ ಟೇಪು ಹಿಡಿ."

ಹೇಗೋ ವಾರ ತುಂಬಿತು. ರುದ್ರಪ್ಪ ಮಾತಿಗೆ ತಪ್ಪದೆ ಎಲೆ ಅಡಿಕೆ, ತೆಂಗಿನಕಾಯಿ ತಟ್ಟೆ ತಂದು ಜಗಲಿಯ ಮೇಲೆ ಕೂತ. ತಟ್ಟೆ ಬದಲಾಯಿಸಿದರೆ ಮುಗಿಯಿತು. ಸಾಕವ್ವ ಕೈ ಚಾಚಿದಳು.

ಅಷ್ಟರಲ್ಲಿ ತಿಪ್ಪೇಶ ಬಂದ. ಕೈಯಲ್ಲಿ ಫೋಟೋ, ಹೆಗಲ ಮೇಲೆ ಧಾರೆ ಸೀರೆ. ಹಿಂದೆ ಬಾಸಿಂಗ ಕಟ್ಟಿಕೊಂಡ ಯಾರೋ ಗಂಡಸು!

"ಯಾರೋ ಇವರು?"

"ಅಪ್ಪನ ಎತ್ತರದವರು ಅವ್ವಾ! ಸಂತೇಲಿ ಇಪ್ಪತ್ತು ಜನರನ್ನ ಅಳೆದೆ, ಇವರೊಬ್ಬರೇ ಸರಿಹೋದರು. ಸೀರೆ ಉಟ್ಟು ಪಕ್ಕದಲ್ಲಿ ನಿಂತ್ಕೋ, ಬೇಗ!"

ಸಾಕವ್ವ ಬಾಯಿ ತೆರೆದಳು. ಚಾಚಿದ ಕೈ ಚಾಚಿದಂತೆಯೇ ಇತ್ತು.

ತಿಪ್ಪೇಶ ಫೋಟೋ ನೋಡಿದ. ರುದ್ರಪ್ಪನನ್ನು ನೋಡಿದ. ಮತ್ತೆ ಫೋಟೋ ನೋಡಿದ.

"ಮಾವ, ನೀವು ಇದರಲ್ಲಿ ಇಲ್ಲ. ತಟ್ಟೆ ತಗೊಂಡು ಎದ್ದು ನಡೀರಿ!"